ವೀಣೆ ಹಿಡಿಯಲು ಜನ ಬೇಕಾಗಿದ್ದಾರೆ

ಮುಖಂಡನಾಗುವುದು ಕಷ್ಟವೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಮುಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದರೆ ಸಾಕು, ಒಂದು ದಿನ ಯಾರೋ ಹಾರ ತಂದು ಕೊರಳಿಗೆ ಹಾಕುತ್ತಾರೆ. ಅದನ್ನು ಇನ್ನೊಬ್ಬರ ಕೊರಳಿಗೆ ದಾಟಿಸುವುದು ಮಾತ್ರ ಈ ಜನ್ಮದಲ್ಲಿ ನನ್ನಿಂದ ಆಗಲಿಕ್ಕಿಲ್ಲ. ಸದಲಗಾ ಹತ್ತಿರದ ನಮ್ಮೂರಿನ ಭಜನಾ ಮಂಡಳಿಗೆ ನಾನು ಅಧ್ಯಕ್ಷನಾಗಿ ಹತ್ತೊಂಬತ್ತು ವರ್ಷವಾಯಿತು. ಶಾಲಾ ಮಾಸ್ತರಿಕೆಯಿಂದ ಸರ್ಕಾರ ನನ್ನನ್ನು ಅರವತ್ತಕ್ಕೆ ಬಿಟ್ಟಿತು, ಮಂಡಳಿ ಬಿಡಲಿಲ್ಲ. ಈಗ ಎರಡೂ ಮೊಳಕಾಲು ಹೋಗಿವೆ. ಮೀರಜಿನ ಡಾಕ್ಟರು ಈ ಸಲದ ಸಪ್ತಾಹ ಮುಗಿದ ಮರುವಾರವೇ ಆಪರೇಷನ್ನಿಗೆ ದಿನ ಕೊಟ್ಟು, "ಇನ್ನ ತಾಸಗಟ್ಟಲೆ ನಿಂದ್ರೂದು ಬಂದ್ ಮಾಡ್ರಿ" ಎಂದಿದ್ದಾರೆ. ಅಂದರೆ ಈ ವರ್ಷವೇ ಯಾರಾದರೂ ನನ್ನ ಜಾಗಕ್ಕೆ ಬರಬೇಕು. ಬರದಿದ್ದರೆ ನಮ್ಮ ಹಿರಿಯರು ಶುರುಮಾಡಿದ ಸಪ್ತಾಹ ನನ್ನ ಮೊಳಕಾಲುಗಳ ಜೊತೆಗೇ ಮುಗಿಯುತ್ತದೆ. ಇದನ್ನು ನೆನೆದರೆ ನನಗೆ ಊಟ ಸೇರುವುದಿಲ್ಲ.

ಯಾಕೆಂದರೆ ನಮ್ಮಲ್ಲಿ ನಿಲ್ಲುವುದೇ ಮುಖ್ಯ ಕೆಲಸ. ವಿಠ್ಠಲನ ಗುಡಿಯಲ್ಲಿ ಏಳು ದಿನ ಸಂತರ ಗ್ರಂಥದ ಪೋಥಿ ಓದುತ್ತಾರೆ, ಭಜನೆ ಮಾಡುತ್ತಾರೆ. ಆ ಏಳೂ ದಿನ ಪುಟ್ಟ ತಂಬೂರಿಯಂಥ ನಮ್ಮ ವೀಣೆ ನೆಲ ಮುಟ್ಟುವಂತಿಲ್ಲ. ಒಬ್ಬರು ಅದನ್ನು ಕೊರಳಿಗೆ ಹಾಕಿಕೊಂಡು ತಂತಿ ಮೀಟುತ್ತ ನಿಂತೇ ಇರಬೇಕು. ಎರಡು ತಾಸಿಗೊಂದು ಪಾಳಿ. ಮುಂದಿನವನು ಬಂದ ಮೇಲೆ ಪರಸ್ಪರ ಕಾಲು ಮುಟ್ಟಿ ವೀಣೆ ದಾಟಿಸಬೇಕು. ಮುಂದಿನವನು ಬರದಿದ್ದರೆ ನಿಂತವನು ನಿಂತೇ ಇರಬೇಕು. ಹತ್ತೊಂಬತ್ತು ವರ್ಷ ಹೀಗೆ ನಿಂತವನು ಯಾರೆಂದು ಬೇರೆ ಹೇಳಬೇಕಿಲ್ಲ.

ಹೊಸಬರನ್ನು ತಯಾರು ಮಾಡಲು ನಾನು ಪ್ರಯತ್ನಿಸಲಿಲ್ಲವೆಂದು ತಿಳಿಯಬೇಡಿ. ಎರಡು ವರ್ಷದ ಕೆಳಗೆ ಕಬ್ಬು ಬೆಳೆಯುವ ಅಪ್ಪಾಸಾಹೇಬನನ್ನು ಕರೆದು ಪಾಳಿ ಪಟ್ಟಿ ಮಾಡುವ ಜವಾಬ್ದಾರಿ ಕೊಟ್ಟೆ. ಒಂದೇ ದಿನದಲ್ಲಿ ಮಾಡಿ ತಂದ. ತುಂಬದೆ ಉಳಿದ ಪಾಳಿಗಳಿಗೆಲ್ಲ ನನ್ನ ಹೆಸರು ಹಾಕಿದ್ದ. ಕೇಳಿದರೆ, "ನೀವ್ ಇರೂತನಕ ನಮಗ್ಯಾಕ್ರಿ ಚಿಂತಿ, ಗುರೂಜಿ?" ಎಂದು ಭಕ್ತಿಯಿಂದ ಕೈ ಮುಗಿದ. ಮರುವರ್ಷ ಡೇರಿಯ ಬಾಬುವಿಗೆ ಆಮಂತ್ರಣ ಪತ್ರಿಕೆಯ ಕೆಲಸ ವಹಿಸಿದೆ. ಪಾಪ, ಚೆನ್ನಾಗಿಯೇ ಬರೆದಿದ್ದ. ನಾನು ಕನ್ನಡಕ ಹಾಕಿಕೊಂಡು ಕೂತು ಕೆಂಪು ಪೆನ್ನಿನಿಂದ ತಿದ್ದಿದೆ. ಬಾಬು ಆಮೇಲೆ ಗುಡಿಯ ಕಡೆ ತಲೆ ಹಾಕಲಿಲ್ಲ. "ಈಗಿನ ಮಂದಿಗೆ ಶ್ರದ್ಧಾ ಇಲ್ಲ ನೋಡು" ಎಂದು ಮನೆಯಲ್ಲಿ ಗೊಣಗಿದೆ. ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಶ್ರದ್ಧಾ ಐತಿ. ನಿಮ್ಮ ಕೆಂಪ ಪೆನ್ನಿಗಿ ಅಂಜ್ಯಾರ" ಎಂದಳು. ಮನೆಯಲ್ಲಿ ನನಗಿರುವ ಗೌರವ ಇಷ್ಟು.

ಈ ವರ್ಷ ಸಭೆಯಲ್ಲಿ "ನನ್ನ ನಂತರ ಯಾರು?" ಎಂದು ಕೇಳಿದಾಗ ಎಲ್ಲರೂ ಜಮಖಾನೆಯ ನೂಲು ಕೀಳುತ್ತ ಕೂತರು. ಹಿಂದಿನಿಂದ ಅಂಗನವಾಡಿಯ ಶೋಭಾ ಎದ್ದು ನಿಂತಳು. ಭೋಜದಿಂದ ನಮ್ಮೂರಿಗೆ ಬಂದ ಸೊಸೆ. "ನನ್ನ ಹೆಸರ ಬರ್ಕೋರಿ ಗುರೂಜಿ. ತವರಮನ್ಯಾಗ ನಮ್ಮವ್ವ ವೀಣಾ ಹಿಡೀತಿದ್ಲು" ಎಂದಳು. ನಮ್ಮ ಪಟ್ಟಿಯಲ್ಲಿ ಇದುವರೆಗೆ ಹೆಣ್ಣುಮಕ್ಕಳ ಹೆಸರಿರಲಿಲ್ಲ. "ನೋಡೂಣು" ಎಂದೆ. ಹೊಸಬರನ್ನು ಬೆಳೆಸಬೇಕೆನ್ನುವ ನನ್ನಂಥವರ ಬಾಯಿಂದ ಮೊದಲು ಬರುವ ಮಾತು ಅದೇ.

ಸಪ್ತಾಹದ ಮೂರನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ವೀಣೆ ನನ್ನ ಕೊರಳಿಗೆ ಬಂತು. ಎರಡಕ್ಕೆ ಬರಬೇಕಿದ್ದ ಅಪ್ಪಾಸಾಹೇಬ, ಹೊಲಕ್ಕೆ ಕಬ್ಬು ಕಡಿಯುವ ಟೋಳಿ ಬಂದಿದೆಯೆಂದು ಹೇಳಿ ಕಳಿಸಿದ. ಮೂರಾಯಿತು. ಮೊಳಕಾಲಲ್ಲಿ ಬೆಂಕಿ ಹಾಕಿದಂತೆ ಉರಿ. ಎದುರಿಗೆ ಇಟ್ಟಿಗೆಯ ಮೇಲೆ ನಿಂತಿದ್ದ ವಿಠ್ಠಲನನ್ನು ನೋಡಿ, ನಿನಗೂ ಪಾಳಿ ಬಿಡಿಸಲು ಯಾರೂ ಬರಲಿಲ್ಲವಲ್ಲಪ್ಪ ಎಂದುಕೊಂಡೆ. ನಿಜವಾಗಿ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅಂಗನವಾಡಿಗೆ ಬೀಗ ಹಾಕಿ ಶೋಭಾ ಬಂದಳು. ನನ್ನ ಕಾಲು ಮುಟ್ಟಿದಳು. ನಾನು ಬಗ್ಗಲು ಹೋದರೆ, "ಬ್ಯಾಡ್ರಿ, ನಿಮಗ ಏಳಾಕ ಆಗೂದಿಲ್ಲ. ಕೂಡ್ರಿ" ಎಂದು ಕುರ್ಚಿ ಎಳೆದು ಕೊಟ್ಟು ವೀಣೆ ಹಾಕಿಕೊಂಡಳು.

ಕೂತೆ. ಎಷ್ಟು ಹಾಯೆನಿಸಿತೆಂದು ಹೇಳಲಾರೆ. ಆ ಹಾಯಿ ಐದು ನಿಮಿಷ ಇತ್ತು. ಆರನೆಯ ನಿಮಿಷಕ್ಕೆ ಆಕೆ ವೀಣೆಯನ್ನು ಕೊಂಚ ಎಡಕ್ಕೆ ವಾಲಿಸಿ ಹಿಡಿದದ್ದು ಕಂಡಿತು. ಕಣ್ಣು ಮುಚ್ಚಿದೆ. ತಂತಿಯನ್ನು ಒಂದು ಕ್ಷಣ ತಡವಾಗಿ ಮೀಟಿದ್ದು ಕೇಳಿತು. ಪೋಥಿ ಓದುವವರು ತಲೆದೂಗುತ್ತಿದ್ದರು, ಅದು ಇನ್ನೂ ಚುಚ್ಚಿತು. ಕುರ್ಚಿಯ ಕೈ ಹಿಡಿದು ಎದ್ದುಬಿಟ್ಟೆ. "ಕೊಡವಾ ಇಲ್ಲೆ. ಐದ ಮಿನಿಟ್ ಹೆಂಗ ಹಿಡೀಬೇಕು ತೋರಸ್ತೀನಿ."

ಶೋಭಾ ಕಾಲು ಮುಟ್ಟಿ ವೀಣೆ ಕೊಟ್ಟಳು. ನನ್ನ ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡು, "ತೋರಸ್ರಿ ಗುರೂಜಿ, ನಾ ಕುಂತ ಕಲೀತೀನಿ" ಎಂದಳು.

ಸಂಜೆ ಐದಾಗುತ್ತ ಬಂತು, ನಾಲ್ಕರ ಪಾಳಿಯವನ ಸುಳಿವೂ ಇಲ್ಲ. ಆಕೆ ಅಲ್ಲಿಯೇ ಕೂತು ಬಹಳ ಶ್ರದ್ಧೆಯಿಂದ ಕಲಿಯುತ್ತಿದ್ದಾಳೆ. "ತಗೋವಾ" ಎಂದರೆ ಎದ್ದು ಬರುತ್ತಾಳೆ, ಅದು ನನಗೆ ಗೊತ್ತು. ಕಾಲುಗಳು ಥರಥರ ನಡುಗುತ್ತಿವೆ, ಆ ಒಂದು ಮಾತು ಇನ್ನೂ ಬಾಯಿಗೆ ಬಂದಿಲ್ಲ.