ನಂಜಪ್ಪ ಮಾವ ಮಲಗಿದ ಬಿಳಿ ಹಾಸಿಗೆ

ಹೆದರಿಕೆಯಾದಾಗ ಕೆಲವರಿಗೆ ಬಾಯಿ ಕಟ್ಟುತ್ತದೆ. ನನಗೆ ಬಾಯಿ ಬಿಚ್ಚಿಕೊಳ್ಳುತ್ತದೆ. ಇದು ನನ್ನ ಹುಟ್ಟುಗುಣ. ಚಿಕ್ಕವಳಿದ್ದಾಗ ಉಪ್ಪಿನಕಾಯಿ ಜಾಡಿ ಒಡೆದು, ಅಮ್ಮ ಕೇಳುವ ಮೊದಲೇ ಬೆಕ್ಕಿನ ಬಣ್ಣ, ಅದು ಬಂದ ದಾರಿ, ಹೋದ ದಾರಿ ಎಲ್ಲವನ್ನೂ ವರ್ಣಿಸಿ ಸಿಕ್ಕಿಬಿದ್ದವಳು ನಾನು. ಸುಮ್ಮನಿದ್ದಿದ್ದರೆ ಅಮ್ಮ ತಾನೇ ಸರಿಯಾಗಿ ಇಟ್ಟಿರಲಿಲ್ಲವೇನೋ ಅಂದುಕೊಳ್ಳುತ್ತಿದ್ದಳು. ಈಗ ಐವತ್ತರ ಹತ್ತಿರ ಬಂದಿದ್ದೇನೆ, ಗುಂಡ್ಲುಪೇಟೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರಾಗಿದ್ದೇನೆ, ‘ನಿಜ ಹೇಳಿದರೆ ಬೈಯಲ್ಲ’ ಎಂದು ಮಕ್ಕಳಿಗೆ ದಿನಾ ಧೈರ್ಯ ತುಂಬುತ್ತೇನೆ. ಗುಣ ಮಾತ್ರ ಹಾಗೇ ಇದೆ. ನಮ್ಮ ಸೋದರಮಾವ ನಂಜಪ್ಪನವರ ಬೆನ್ನಿಗೆ ಬಂದ ಗತಿಗೆ ಅದೇ ಕಾರಣ.

ಮೂರು ವರ್ಷದ ಹಿಂದೆ ಚಾಮರಾಜನಗರದ ಕರಕುಶಲ ತರಬೇತಿಗೆ ಹೋಗಿಬಂದಾಗಿನಿಂದ ನನಗೆ ಮಣ್ಣಿನ ಹುಚ್ಚು. ರಜೆ ಬಂತೆಂದರೆ ಹಿತ್ತಲಲ್ಲಿ ಕೂತು ಕಪ್ಪು, ಬಟ್ಟಲು, ಹೂದಾನಿ ಮಾಡುವುದು. ಮಾಡುವುದೇನೋ ಆಗುತ್ತಿತ್ತು, ಸುಡುವುದೇ ಕಷ್ಟ. ತರಬೇತಿ ಕೇಂದ್ರದ ಗೂಡಿನಲ್ಲಿ ಸುಡಿಸಲು ಹಸಿ ಕಪ್ಪುಗಳನ್ನು ಹಳೇ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಬೇಕು. ರಸ್ತೆಯ ಪ್ರತಿ ಉಬ್ಬಿಗೂ ಗಂಟನ್ನು ಎದೆಗವಚಿಕೊಳ್ಳುತ್ತಿದ್ದೆ. ಒಂದು ಸಲ ಪಕ್ಕದ ಸೀಟಿನ ಅಜ್ಜಿ, “ಎಷ್ಟು ತಿಂಗ್ಳಾಯ್ತವ್ವಾ ಕೂಸ್ಗೆ?” ಎಂದು ಕೇಳಿ ಸೆರಗು ಸರಿಸಲು ಬಂದರು. ಒಳಗೆ ಹಿಡಿ ಮುರಿದ ಒಂಬತ್ತು ಕಪ್ಪುಗಳನ್ನು ಕಂಡು, “ಅಯ್ಯೋ ಪಾಪ” ಅಂದರು. ಕಪ್ಪುಗಳಿಗೋ ನನಗೋ ತಿಳಿಯಲಿಲ್ಲ.

ಆಗಲೇ ನಿರ್ಧಾರ ಮಾಡಿದೆ, ಹಿತ್ತಲಲ್ಲೇ ಒಂದು ಗ್ಯಾಸಿನ ಗೂಡು ಕಟ್ಟಬೇಕು. ಎಣ್ಣೆಯ ಹಳೇ ಡ್ರಮ್ಮು ಸಿಕ್ಕಿತು. ಅದರ ಒಳಗೋಡೆಗೆ ಹೊದಿಸಲು ಸೆರಾಮಿಕ್ ಫೈಬರ್ ಬ್ಲ್ಯಾಂಕೆಟ್ ಎಂಬ ಬಿಳಿ ಹೊದಿಕೆಯನ್ನು ಬೆಂಗಳೂರಿನಿಂದ ತರಿಸಿದೆ. ನೋಡಲು ಥೇಟ್ ಹತ್ತಿ ಹಾಸಿಗೆ. ಮುಟ್ಟಿದರೆ ಮೆತ್ತಗೆ, ಎತ್ತಿದರೆ ಹಗುರ. ಆದರೆ ಅದು ಹತ್ತಿಯಲ್ಲ; ಜೇಡಿಮಣ್ಣಿನಂಥ ಪದಾರ್ಥವನ್ನೇ ಕರಗಿಸಿ, ಕೂದಲಿಗಿಂತ ಸಣ್ಣ ಎಳೆ ತೆಗೆದು ಒತ್ತಿದ್ದು. ಕಬ್ಬಿಣ ಕೆಂಪಗಾಗುವ ಬೆಂಕಿಗೂ ಜಗ್ಗುವುದಿಲ್ಲ. ಆ ಶನಿವಾರ ಶಾಲೆ ಮುಗಿಸಿ ಬಂದವಳು ಅಳತೆ ನೋಡೋಣವೆಂದು ಸುರುಳಿ ಬಿಚ್ಚಿ ಜಗಲಿಯಲ್ಲಿ ಹಾಸಿದ್ದೆ. ಜೊತೆಗೆ ಬಂದ ಸೂಚನೆಯ ಹಾಳೆಯನ್ನು ಆಮೇಲೆ ಓದಿದರಾಯಿತೆಂದು ಫ್ರಿಜ್ಜಿನ ಮೇಲಿಟ್ಟೆ.

ಹೊತ್ತು ಏರಿದ ಮೇಲೆ ನಂಜಪ್ಪ ಮಾವ ಬಂದರು. ಪುಣಜನೂರಿನವರು, ರಿಟೈರ್ಡ್ ಕಂಡಕ್ಟರು. ಅತ್ತೆ ತೀರಿಕೊಂಡ ಮೇಲೆ ಒಬ್ಬಳೇ ಮಗಳು ಗೀತಾಳನ್ನು ಸಾಕಿ ಬೆಳೆಸಿದವರು. ಅವಳಿಗೆ ಬೇಗೂರಿನಲ್ಲಿ ಒಂದು ಸಂಬಂಧ ಕೂಡಿಬಂದಿತ್ತು. ಆವತ್ತು ಸಂಜೆ ಗಂಡಿನ ಮನೆ ನೋಡುವ ಶಾಸ್ತ್ರ. ಹೆಂಗಸರ ಕಡೆಯಿಂದ ಮಾತಾಡಲು ನಾನು ಹೋಗಬೇಕೆಂದು ಮೊದಲೇ ಗೊತ್ತಾಗಿತ್ತು. “ನಿಮ್ಮತ್ತೆ ಇದ್ದಿದ್ರೆ ಅವ್ಳೇ ಬರೋಳು. ಈಗ ನೀನೇ ಕಣಮ್ಮಿ ದಿಕ್ಕು” ಎಂದು ಫೋನಿನಲ್ಲಿ ಅವರು ಹೇಳಿದಾಗ ನನ್ನ ಕಣ್ಣು ತುಂಬಿತ್ತು. ಬೆಳಗಿನ ಬಸ್ಸಿನಲ್ಲಿ ನಿಂತೇ ಬಂದಿದ್ದರು. ಊಟ ಮಾಡಿ, “ಒಸಿ ಸೊಂಟ ಚಾಚ್ಬುಡ್ತೀನಿ” ಅಂದರು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, ಹಿಂದೆ ತಿರುಗದೆ, “ಜಗಲೀಲಿ ಗಾಳಿ ಬರುತ್ತೆ ಮಾವ, ಅಲ್ಲೇ ಮಲಕ್ಕೊಳ್ಳಿ” ಅಂದೆ. ಅಲ್ಲಿದ್ದ ಚಾಪೆ ನನ್ನ ಮನಸ್ಸಿನಲ್ಲಿತ್ತು. ಬಿಳಿ ಹಾಸಿಗೆ ನೆನಪಿಗೇ ಬರಲಿಲ್ಲ.

ಒಂದು ಗಂಟೆಯ ಮೇಲೆ ಹೋಗಿ ನೋಡುತ್ತೇನೆ, ಮಾವ ಅಂಗಿ ಬಿಚ್ಚಿ ಪಕ್ಕದಲ್ಲಿಟ್ಟು, ನನ್ನ ಗೂಡಿನ ಗೋಡೆಯ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದಾರೆ! ನಾನು ಕೂಗಿದ ಕೂಗಿಗೆ ಎದ್ದು ಕೂತರು.

“ಎಂಥಾ ಆಸ್ಗೆ ಕಣಮ್ಮಿ! ಮೋಡದ್ ಮ್ಯಾಲೆ ಮನಗ್ದಂಗಾಯ್ತು” ಎಂದು ಮೈ ಮುರಿದರು. ಮೇಲೆತ್ತಿದ ಕೈ ಕೆಳಗಿಳಿಯಲಿಲ್ಲ; ನೇರ ಬೆನ್ನಿಗೆ ಹೋಯಿತು. “ಯಾಕೋ ಕಡೀತದಲ್ಲಾ” ಅಂದರು. ಆಮೇಲೆ ಕತ್ತು. ಆಮೇಲೆ ಎರಡೂ ತೋಳು.

ನಾನು ಒಳಗೋಡಿ ಫ್ರಿಜ್ಜಿನ ಮೇಲಿನ ಹಾಳೆ ಓದಿದೆ. ಬರಿಗೈಯಲ್ಲಿ ಮುಟ್ಟಬೇಡಿ, ದೂಳನ್ನು ಉಸಿರಾಡಬೇಡಿ, ಮುಖಗವಸು ಧರಿಸಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಕ್ಯಾನ್ಸರ್ ಎಂಬ ಪದ. ತಾಯಿಯಿಲ್ಲದ ಹುಡುಗಿಯ ತಂದೆಯನ್ನೂ ನಾನೇ ಕಳೆದೆನೆಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ಬೆಂಗಳೂರಿನ ಅಂಗಡಿಯವರಿಗೆ ಫೋನ್ ಮಾಡಿದೆ. “ವರ್ಷಗಟ್ಟಲೆ ಅದರ ದೂಳಲ್ಲಿ ಕೆಲಸ ಮಾಡೋರಿಗೆ ಮೇಡಂ ಆ ಎಚ್ಚರಿಕೆ. ಒಂದ್ ಗಂಟೆಗೆ ಹೆದರಬೇಡಿ, ನವೆ ಇರುತ್ತೆ ಅಷ್ಟೆ. ಆದ್ರೂ ಮಲಗಿದ್ರು ಅಂದ್ರಲ್ಲ, ಯಾಕೆ ಮಲಗಿದ್ರು?” ಅಂದರು. ನಾನು ಫೋನ್ ಇಟ್ಟೆ.

ಜಗಲಿಗೆ ಬಂದರೆ ಮಾವ ಬಾಗಿಲಿನ ಚೌಕಟ್ಟಿಗೆ ಬೆನ್ನುಜ್ಜುತ್ತಿದ್ದರು. “ಏನಾಯ್ತಮ್ಮಿ ನಂಗೆ?” ಎಂದು ಕೇಳಿದರು. ಮುಖದಲ್ಲಿ ನಿಜವಾದ ಭಯವಿತ್ತು. ನಿಜ ಹೇಳಬೇಕಾದದ್ದು ಆಗಲೇ. ನನ್ನ ಬಾಯಿ ಬಿಚ್ಚಿಕೊಂಡಿತು: “ನಸುಗುನ್ನಿ ಮಾವ! ಕಾಡಂಚಿನ ಊರು ನಿಮ್ಮದು. ಬಸ್ ಸ್ಟಾಪಿಗೆ ಬರ್ತಾ ಬೇಲಿಗೆ ತಾಗಿರಬೇಕು. ಅದರ ಕಾಯಿ ಮೇಲಿನ ತುರಿಕೆ ಸುಂಕು ಗಾಳೀಲೂ ಹಾರುತ್ತೆ. ಈಗ ಬಿಸಿಲೂ ಜಾಸ್ತಿ.” ಬಿಸಿಲಿಗೂ ಅದಕ್ಕೂ ಏನು ಸಂಬಂಧವೋ ನನಗೂ ಗೊತ್ತಿಲ್ಲ. ಮಾವ ನಂಬಿದರು. ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡು, ಮತ್ತದೇ ಅಂಗಿ ತೊಟ್ಟು ಹೊರಟರು. ಆ ಅಂಗಿಯೂ ಬಿಳಿ ಹಾಸಿಗೆಯ ಮೇಲೇ ಇತ್ತೆಂಬುದು ನನಗೆ ಬಸ್ಸು ಹತ್ತಿದ ಮೇಲೆ ಹೊಳೆಯಿತು.

ಬೇಗೂರಿನ ಮನೆಯವರು ಮರ್ಯಾದಸ್ತರು. ಹುಡುಗನ ತಂದೆ ಶಿವರುದ್ರಪ್ಪನವರದು ಮಾತು ಕಡಿಮೆ. ತಾಯಿ ಗೌರಮ್ಮನವರ ಕಣ್ಣು ಚುರುಕು. ಮಾವ ಕುರ್ಚಿಯಲ್ಲಿ ಕೂತು, ಗಂಭೀರವಾಗಿರಲು ಪ್ರಯತ್ನಿಸುತ್ತ, ಬೆನ್ನನ್ನು ಮೆಲ್ಲಗೆ ಕುರ್ಚಿಗೆ ತಿಕ್ಕುತ್ತಿದ್ದರು. ಕತ್ತಿನ ತುಂಬ ಕೆಂಪು ಗಂಧೆ. ನಾನು ಎಲ್ಲರ ಗಮನ ಬೇರೆ ಕಡೆ ಸೆಳೆಯಲು ಗೀತಾಳನ್ನು ಹೊಗಳತೊಡಗಿದೆ: ವಿದ್ಯೆ, ನಯ, ವಿನಯ, ಕೊನೆಗೆ ಅಡುಗೆ. “ಅವಳ ಕೈಯಡುಗೆ ತಿಂದರೆ ಬಿಡೋ ಹಾಗೇ ಇಲ್ಲ” ಅಂದೆ. ಗೌರಮ್ಮನವರು ತಮ್ಮ ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿ, “ಮೈಗೇನಾಗದೆ ಇದು? ಮನೇಲಿ ಇನ್ನ್ಯಾರ್ಗಾರ ಅದಾ?” ಎಂದು ಕೇಳಿದರು.

ಮಾವ ಕಾಲರನ್ನು ಮೇಲಕ್ಕೆಳೆದುಕೊಂಡರು. “ಇಲ್ಲ ತಾಯಿ, ನಸುಗುನ್ನಿ ತಗಲದೆ” ಅಂದರು.

ಆಗ ಶಿವರುದ್ರಪ್ಪನವರು ಎದ್ದು ಬಂದು, ಮಾವನ ಕಾಲರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ನಸುಗುನ್ನಿ ಅಲ್ಲ ಇದು. ಒಳೀತಾವೆ ನೋಡಿ ಎಳೆ. ಇಪ್ಪತ್ತೈದು ವರ್ಸ ಕಾರ್ಖಾನೇಲಿ ಕುಲುಮೆಗೆ ಇದೇ ಬಿಳಿ ಕಂಬ್ಳಿ ಒದಿಸ್ದೋನು ನಾನು. ನೀವೆಲ್ಲಿ ಮುಟ್ಟುದ್ರಿ ಇದ?”

“ಕಂಬ್ಳಿ?” ಎಂದು ಮಾವ ನನ್ನ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ಗೂಡು, ಡ್ರಮ್ಮು, ಪಾತ್ರೆ ತೊಳೆಯುತ್ತ ಹಿಂದೆ ತಿರುಗದೆ ಆಡಿದ ಮಾತು, ಫ್ರಿಜ್ಜಿನ ಮೇಲಿನ ಹಾಳೆ, ಎಲ್ಲವನ್ನೂ ಒದರಿದೆ. ಮಾವ ಬೈಯಲಿಲ್ಲ. “ನನ್ ಕುಟ್ಟೆ ಯಾಕಮ್ಮಿ ಸುಳ್ ಏಳ್ದೆ?” ಎಂದಷ್ಟೇ ಕೇಳಿದರು. ಬೈದಿದ್ದರೆ ವಾಸಿಯಿತ್ತು.

ಗೌರಮ್ಮನವರು ಮಾತ್ರ ಬಿಡಲಿಲ್ಲ. “ಉಡುಗಿ ಬಗ್ಗೆ ಏಳ್ದುದ್ದೂ ಇಂಗೇಯಾ?” ಅಂದರು. ಒಂದು ಮದುವೆ ನನ್ನ ನಾಲಗೆಯ ತುದಿಯಲ್ಲಿ ನಿಂತಿತ್ತು. “ವಿದ್ಯೆ ನಿಜ, ನಯ ವಿನಯ ನಿಜ. ಅಡುಗೆ ಸುಳ್ಳು. ಅವಳ ಉಪ್ಪಿಟ್ಟನ್ನು ಬಾಣಲೆಯಿಂದ ಬಿಡಿಸೋಕೇ ಆಗಲ್ಲ” ಅಂದೆ. ಒಳಕೋಣೆಯಿಂದ ಯಾರೋ ಫಕ್ಕನೆ ನಕ್ಕರು, ಹುಡುಗನೇ ಇರಬೇಕು. ಗೌರಮ್ಮನವರೂ ತಡೆಯಲಾರದೆ, “ನಮ್ಮವನು ಚೆಂದಾಗಿ ಮಾಡ್ತಾನೆ ಬುಡಿ, ಕಲಿಸ್ಕೊಡ್ತಾನೆ” ಎಂದು ಸೆರಗು ಬಾಯಿಗೆ ಹಿಡಿದರು.

ಮುಂದಿನ ಶಾಸ್ತ್ರ ಹಿತ್ತಲಿನಲ್ಲಿ ನಡೆಯಿತು. ಶಿವರುದ್ರಪ್ಪನವರು ಮಾವನನ್ನು ಕಲ್ಲಿನ ಮೇಲೆ ಕೂರಿಸಿ, “ಉಜ್ಜಬ್ಯಾಡಿ, ಒಳಕ್ಕೆ ಓಯ್ತವೆ” ಎಂದು ಸೋಪು ಕದಡಿದ ತಣ್ಣೀರು ಹುಯ್ದು ಎಣ್ಣೆ ತೊಳೆದರು. ಮೈ ಆರಿದ ಮೇಲೆ ಅಂಟುಪಟ್ಟಿಯನ್ನು ಬೆನ್ನಿಗೆ ಹಚ್ಚಿ ಹಚ್ಚಿ ಎಳೆ ಕಿತ್ತರು. ಮಾವ ಪ್ರತಿ ಪಟ್ಟಿಗೂ “ಅಯ್ಯಪ್ಪಾ” ಎನ್ನುತ್ತ, ನಡುನಡುವೆ ಛತ್ರದ ವಿಷಯ ಮಾತಾಡಿದರು. ಅಂಗಿ ಬಿಚ್ಚಿ ಬೆನ್ನು ಕೊಟ್ಟವನ ಹತ್ತಿರ ಬಿಗುಮಾನಕ್ಕೆ ಜಾಗವೆಲ್ಲಿ? ಮಾವ ಹುಡುಗನ ಅಂಗಿ ತೊಟ್ಟು ಒಳಗೆ ಬಂದಾಗ ಅವರೂ ಶಿವರುದ್ರಪ್ಪನವರೂ ಒಬ್ಬರನ್ನೊಬ್ಬರು ಬೀಗರೇ ಎಂದು ಕರೆಯುತ್ತಿದ್ದರು. ಮದುವೆ ನಿಶ್ಚಯವಾಯಿತು.

ಮುಂದಿನ ವಾರ ಶಿವರುದ್ರಪ್ಪನವರೇ ಮುಖಗವಸು, ಕೈಗವಸು ತಂದು ನಮ್ಮ ಹಿತ್ತಲಿಗೆ ಬಂದರು. ಹೊದಿಕೆಯನ್ನು ನೀರು ಚಿಮುಕಿಸಿ ಕತ್ತರಿಸಿ, ಡ್ರಮ್ಮಿನೊಳಗೆ ತಂತಿಯಿಂದ ಬಿಗಿದು, ಎಳೆ ಹಾರದಂತೆ ಮೇಲೆ ಬಿಳಿ ಮಣ್ಣಿನ ಗಂಜಿ ಬಳಿದುಕೊಟ್ಟರು. ನಾನು ಹತ್ತು ಮಾರು ದೂರ ನಿಂತು, ಉಸಿರು ಬಿಗಿಹಿಡಿದು ನೋಡಿದೆ. ಗೂಡು ಚೆನ್ನಾಗಿ ಉರಿಯಿತು. ಹಸಿರು ಬಣ್ಣ ಬಳಿದಿದ್ದ ಹದಿನೆಂಟು ಕಪ್ಪುಗಳಲ್ಲಿ ಒಂದೂ ಬಿರಿಯಲಿಲ್ಲ.

ಮದುವೆಯ ಕರೆಯೋಲೆ ಕೊಡಲು ಮಾವ ಬಂದಾಗ, ಅತ್ಯಂತ ಚೆಂದದ ಕಪ್ಪಿನಲ್ಲಿ ಕಾಫಿ ಹಾಕಿ ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, “ನೀನೇ ಮಾಡುದ್ದಾ? ಚೆಂದಾಗದೆ” ಎಂದು ನನ್ನ ಕಡೆಗೇ ಚಾಚಿದರು. “ಮೊದ್ಲು ನೀನ್ ಕುಡಿ.” ಕಪ್ಪನ್ನು ತುಟಿಯ ಹತ್ತಿರ ತಂದೆ. ಅದಕ್ಕೆ ಬಳಿದಿದ್ದ ಹಸಿರು ಬಣ್ಣದ ಪುಡಿಯ ಡಬ್ಬಿಯ ಮೇಲೆ, ಹೂದಾನಿಗೆ ಮಾತ್ರ ಎಂದಿತ್ತೋ ಊಟದ ಪಾತ್ರೆಗೂ ಆಗುತ್ತದೆ ಎಂದಿತ್ತೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. “ಬುಡು, ಸ್ಟೀಲ್ ಲೋಟ ತತ್ತಾ” ಅಂದರು.

ನಾನು ಮಾತಾಡದೆ ಒಳಗೆ ಹೋಗಿ, ಎರಡು ಲೋಟ ತಂದೆ.