‘ಸದ್ದು ಮಾಡಬೇಡ’ ಎಂಬ ಸದ್ದು

ಮರೆವೆಂಬ ಮಹಾವೈರಿಯನ್ನು ನಾಲ್ಕೇ ಸಾಲಿನ ಸೂತ್ರದಿಂದ ಮಣ್ಣುಮುಕ್ಕಿಸುತ್ತೇನೆಂದು ಗಣಿತದ ಮೇಷ್ಟ್ರು ಪಣ ತೊಟ್ಟರು! ಕಾರಣ ಹೆಂಡತಿ. ಆಕೆ ರಾತ್ರಿ ರೈಲು ಓಡಿಸುವವರು, ಹಗಲು ಮಲಗಲೇಬೇಕು. ರಜೆಯಲ್ಲಿ ಮನೆಯಲ್ಲೇ ಇದ್ದ ಮೇಷ್ಟ್ರು ಅದನ್ನು ಮರೆತು ಒಮ್ಮೆ ಪಾತ್ರೆ ಬೀಳಿಸಿದ್ದರು, ಇನ್ನೊಮ್ಮೆ ಗೋಡೆಗೆ ಮೊಳೆ ಹೊಡೆದಿದ್ದರು.

"ಇನ್ನೊಂದು ಸಲ ನಿದ್ದೆ ಕೆಡಿಸಿದ್ರೆ ತಂಗಿ ಮನೆಗೆ ಹೋಗ್ತೀನಿ. ನಿಮ್ಮ ರಜೆ ಮುಗಿಯೋವರೆಗೂ ಬರಲ್ಲ," ಎಂದಿದ್ದರು ಆಕೆ. ಹೇಳಿದ್ದನ್ನು ಮಾಡುವ ಹೆಂಗಸು.

ಮೇಷ್ಟ್ರು ಕಂಪ್ಯೂಟರಿನ ಕ್ಯಾಲೆಂಡರಿಗೆ ಸೂತ್ರ ಬರೆದರು. ಆಕೆಗೆ ರಾತ್ರಿ ಪಾಳಿಯಿರುವ ಪ್ರತಿದಿನ ಮಧ್ಯಾಹ್ನ ನನ್ನ ಫೋನಿನಲ್ಲಿ ಕೂಗಿ ನೆನಪಿಸು. ‘ತಿಳಿಯಿತು’ ಎಂದು ಒತ್ತುವವರೆಗೆ ಬಿಡಬೇಡ, ಪ್ರತಿ ಸಲವೂ ದನಿ ಏರಿಸು. ಒತ್ತಿದ ಮೇಲೆ ನಾಳೆಯವರೆಗೆ ಸುಮ್ಮನಿರು. ತರಗತಿಯ ದಡ್ಡರ ಮೇಲೆ ಅವರು ವರ್ಷಗಟ್ಟಲೆ ಪ್ರಯೋಗಿಸಿದ ವಿಧಾನವೂ ಇದೇ.

ಮಧ್ಯಾಹ್ನ ಮೇಷ್ಟ್ರು ಅಡುಗೆಮನೆಯಲ್ಲಿ ಬೆಕ್ಕಿನ ಹೆಜ್ಜೆ ಇಡುತ್ತಿದ್ದಾಗ ದನಿ ಕೇಳಿತು: "ಹೆಂಡತಿ ಮಲಗಿದ್ದಾಳೆ. ಸದ್ದು ಮಾಡಬೇಡ."

ಬಂದದ್ದು ಮಲಗುವ ಕೋಣೆಯಿಂದ! ಫೋನನ್ನು ಚಾರ್ಜಿಗೆ ಹಾಕಿದ್ದು ಆಕೆಯ ದಿಂಬಿನ ಪಕ್ಕದಲ್ಲಿ.

ಮೇಷ್ಟ್ರು ತುದಿಗಾಲಲ್ಲೇ ಕೋಣೆಯತ್ತ ಓಡಿದರು. ಫೋನು ಇನ್ನೂ ಜೋರಾಗಿ ಗದರಿತು. ಬಾಗಿಲು ಕಿರುಗುಟ್ಟದಿರಲೆಂದು ಅದರ ಕೀಲುಗಳಿಗೆ ಎಣ್ಣೆ ಬಿಡಲು ಹೋದರು. ಅವಸರದಲ್ಲಿ ಎಣ್ಣೆ ನೆಲಕ್ಕೆ ಚೆಲ್ಲಿತು. ಅದರ ಮೇಲೆ ಕಾಲಿಟ್ಟವರೇ ಜಾರಿ, ಕುಳಿತ ಭಂಗಿಯಲ್ಲೇ ಕೋಣೆಗೆ ಪುರಪ್ರವೇಶ ಮಾಡಿದರು. ಫೋನು ಬೀದಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆಯುತ್ತಿತ್ತು. ಇಲ್ಲಿ ಯಾರೂ ಸದ್ದು ಮಾಡುತ್ತಿಲ್ಲವಲ್ಲ ಎಂದು ಪಕ್ಕದ ಮನೆಯಾಕೆ ಕಿಟಕಿಯಿಂದ ಸಮಜಾಯಿಷಿ ಕೊಟ್ಟರು.

ಮೇಷ್ಟ್ರು ತೆವಳಿಕೊಂಡು ಹೋಗಿ ‘ತಿಳಿಯಿತು’ ಒತ್ತಿದರು. ಮನೆಯೆಲ್ಲ ಗಪ್‌ಚಿಪ್. ಆಕೆ ಮಿಸುಕಾಡಿರಲೂ ಇಲ್ಲ! ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

ಮರುಕ್ಷಣ ಆಕೆ ದಡಕ್ಕನೆ ಎದ್ದು ಕೂತರು.

"ಗಾಡಿ ಯಾಕೆ ನಿಂತೋಯ್ತು?"

ಮೇಷ್ಟ್ರು ತೊದಲುತ್ತಾ ಎಲ್ಲ ಒಪ್ಪಿಸಿದರು. ಆಕೆಗೆ ಸಿಟ್ಟು ಬಂದದ್ದು ಬೇರೆಯದಕ್ಕೇ. ಒಂದೇ ಸಮನೆ ಸದ್ದಿದ್ದರೆ ಎಂಜಿನ್ ಸರಿಯಾಗಿದೆ ಎಂದು ಮನಸ್ಸಿಗೆ ನೆಮ್ಮದಿ; ಅದು ನಿಂತರೆ ಏನೋ ಕೆಟ್ಟಿತೆಂದೇ ಲೆಕ್ಕ. ಎಷ್ಟೋ ದಿನದ ಮೇಲೆ ಒಳ್ಳೆ ನಿದ್ದೆ ಹತ್ತಿತ್ತಂತೆ.

"ಅದನ್ನ ಮತ್ತೆ ಹಾಕಿ."

ನಾಳೆಯವರೆಗೆ ಅದು ಬಾಯಿ ಬಿಡುವುದಿಲ್ಲ, ಸೂತ್ರ ತಿದ್ದಲು ಸ್ವಲ್ಪ ಹೊತ್ತು ಬೇಕು ಎಂದರು ಮೇಷ್ಟ್ರು.

"ಅಲ್ಲಿತನಕ ಕಾಯಕ್ಕಾಗಲ್ಲ. ನೀವೇ ಕೂಗಿ," ಎಂದು ಆಕೆ ಮುಸುಕೆಳೆದರು.

ಸಂಜೆಯವರೆಗೂ ಮೇಷ್ಟ್ರು ಹಾಸಿಗೆಯ ಪಕ್ಕ ನಿಂತು, ಸದ್ದು ಮಾಡಬೇಡವೆಂದು ಗಂಟಲು ಹರಿಯುವಂತೆ ತಮಗೆ ತಾವೇ ಬುದ್ಧಿ ಹೇಳಿಕೊಂಡರು.