ರಕ್ಷಿತ ಬನಿಯನ್

ಫ್ರೀಮ್ಯಾಂಟಲ್ ಬಂದರಿನ ಹಳೇ ಕೇರಿಯ ಟಾಲೋ ಬೀದಿ, ಹದಿನಾಲ್ಕನೇ ನಂಬರಿನ ಮನೆಯ ಹಿತ್ತಿಲಲ್ಲಿ ಒಣಗುತ್ತಿದ್ದ ನೀಲಿ ಬನಿಯನ್ ಒಂದನ್ನು ಪರಂಪರೆ ಮಂಡಳಿಯು ರಕ್ಷಿತ ವಸ್ತುವೆಂದು ಘೋಷಿಸಿತು. ಅದನ್ನು ತೊಡುತ್ತಿದ್ದ ನೇರಿಯೊ ಎಂಬ ಎಂಬತ್ತೆರಡರ ನಿವೃತ್ತ ಹಮಾಲಿಯನ್ನು ಘೋಷಿಸಲಿಲ್ಲ.

ಮಂಡಳಿಯ ತಪ್ಪೇನೂ ಇರಲಿಲ್ಲ. ಏಳನೇ ನಿಯಮದಂತೆ, ಫೋಟೋ ತೆಗೆದ ಗಳಿಗೆಯಲ್ಲಿ ಹಿತ್ತಿಲಲ್ಲಿ ಏನೇನಿತ್ತೋ ಅದೆಲ್ಲ ಪರಂಪರೆ. ಆಗ ಅಲ್ಲಿ ನೀರು ಕಾಯಿಸುವ ತಾಮ್ರದ ಹಂಡೆ, ಒಗೆಯುವ ತೊಟ್ಟಿ, ಹಗ್ಗ, ಬನಿಯನ್ ಇದ್ದವು. ನೇರಿಯೊ ಮನೆಯೊಳಗೆ ಕಕ್ಕಸಿನಲ್ಲಿದ್ದ.

ಐವತ್ತೊಂದು ವರ್ಷದ ಹಿಂದೆ ಅವನು ಅಲ್ಲಿ ಕೆಳಗಿನ ಕೋಣೆಯನ್ನು ಬಾಡಿಗೆಗೆ ಹಿಡಿದದ್ದೇ ಬಟ್ಟೆ ಒಗೆಯುವ ಸೌಕರ್ಯ ನೋಡಿ. ಆಗ ಆ ಕೇರಿಯನ್ನು ಐತಿಹಾಸಿಕ ಎನ್ನುತ್ತಿರಲಿಲ್ಲ, ಕೊಳೆಗೇರಿ ಎನ್ನುತ್ತಿದ್ದರು. ಈಗ ಆ ಕೋಣೆಯನ್ನು ‘ಹಮಾಲಿಯ ಕೋಣೆ’ ಎಂದು ಪ್ರವಾಸಿಗರಿಗೆ ತೋರಿಸುವುದಿತ್ತು. ಅದು ಯಥಾವತ್ತಾಗಿ ಕಾಣಬೇಕಾದ್ದರಿಂದ, ಅಲ್ಲಿರುವ ಹಮಾಲಿ ಸೋಮವಾರದೊಳಗೆ ಖಾಲಿ ಮಾಡತಕ್ಕದ್ದೆಂದು ನೋಟೀಸು ಬಂತು. ಅವನ ಹೆಂಡತಿ ತೀರಿಕೊಂಡದ್ದು ಆ ಕೋಣೆಯಲ್ಲೇ.

ಸೋಮವಾರ ಮಂಡಳಿಯ ಅಧಿಕಾರಿ ಲಕೆಟ್ ವ್ಯಾನು ತಂದ. ನೇರಿಯೊ ಹಗ್ಗದ ಮೇಲಿನ ಬನಿಯನ್ ತೊಟ್ಟುಕೊಂಡು ತೊಟ್ಟಿಯ ಅಂಚಿನಲ್ಲಿ ಕೂತಿದ್ದ.

“ಅಯ್ಯೋ, ಬಿಚ್ಚಿ ಅಜ್ಜ! ಅದು ಹಿತ್ತಿಲು ದಾಟೋ ಹಾಗಿಲ್ಲ.”

“ದಾಟಲ್ಲಪ್ಪ. ಇಲ್ಲೇ ಇರುತ್ತೆ.”

“ನೀವು ದಾಟ್ಬೇಕಲ್ಲ!”

“ನಾನ್ ದಾಟಿದ್ರೆ ಇದೂ ದಾಟುತ್ತೆ. ಬಿಚ್ಚೋಣ ಅಂದ್ರೆ ಭುಜ ಹಿಡ್ಕೊಂಡಿದೆ. ನೀನೇ ಬಿಚ್ಚು.”

ಲಕೆಟ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. “ರಕ್ಷಿತ ವಸ್ತೂನ ನಾನ್ ಮುಟ್ಟೋ ಹಾಗಿಲ್ಲ. ತಜ್ಞರೇ ಬರ್ಬೇಕು.”

ಮಹಡಿಯ ಬಾಡಿಗೆಯವಳು ರೋವೆನಾ ಕಿಟಕಿಯಿಂದ ಕೂಗಿದಳು: “ಅಜ್ಜ, ಇನ್ಮೇಲೆ ಅದನ್ನ ಒಗೆಯೋದು ಹೆಂಗೆ?”

“ನನ್ನ ಸಮೇತ!”

ಮೂವರು ತಜ್ಞರು ಬಂದು ಭೂತಗನ್ನಡಿ ಹಿಡಿದು ನೋಡಿದರು. ಬನಿಯನ್ ಸುಸ್ಥಿತಿಯಲ್ಲಿದೆ, ಬಿಚ್ಚಿದರೆ ಹೊಲಿಗೆ ಬಿಡುವ ಸಂಭವವಿದೆ, ಆದಕಾರಣ ಒಳಗಿರುವುದನ್ನು ಒಳಗೇ ಬಿಡುವುದು ಕ್ಷೇಮ ಎಂದು ವರದಿ ಕೊಟ್ಟರು. ಮಂಡಳಿ ತುರ್ತು ಸಭೆ ಸೇರಿ ಒಪ್ಪಿತು. ಷರತ್ತು ಇಷ್ಟೇ: ದಿನವೂ ಹತ್ತರಿಂದ ನಾಲ್ಕರವರೆಗೆ ಹಗ್ಗದ ಕೆಳಗೆ ಅಲುಗಾಡದೆ ನಿಲ್ಲತಕ್ಕದ್ದು, ಪ್ರವಾಸಿಗರೊಡನೆ ಮಾತಾಡಕೂಡದು. ಹಾವೂ ಸಾಯದೆ ಕೋಲೂ ಮುರಿಯದೆ ಕೆಲಸ ಮುಗಿಯಿತೆಂದು ಸದಸ್ಯರೆಲ್ಲ ಚಹಾ ಕುಡಿದರು.

ಮರುದಿನ ಲಕೆಟ್ ದಾಖಲೆ ಪುಸ್ತಕ ತಂದು ರುಜು ಹಾಕಿ ಎಂದ. ನೇರಿಯೊ ಕನ್ನಡಕ ಏರಿಸಿಕೊಂಡು ಓದಿದ: ‘ಬನಿಯನ್, ನೀಲಿ, ಒಂದು. ಅದಕ್ಕೆ ಗೂಟ, ಹಳೆಯದು, ಒಂದು.’

“ನನ್ನ ಹೆಸರೇ ಬರ್ದಿಲ್ವಲ್ಲಪ್ಪ?”

“ಹೆಸರು ಬರೆದ್ರೆ ಬಾಡಿಗೆದಾರ ಆಗ್ಬಿಡ್ತೀರಿ ಅಜ್ಜ. ಖಾಲಿ ಮಾಡಿಸ್ಬೇಕಾಗುತ್ತೆ.”

ನೇರಿಯೊ ಪೆನ್ನು ಕೈಗೆತ್ತಿಕೊಂಡ. “ಹಾಗಾದ್ರೆ ಗೂಟಾನೇ ಇರ್ಲಿ” ಎಂದು ರುಜು ಹಾಕಿ, ಹತ್ತು ಗಂಟೆಯಾಗುತ್ತಿದ್ದುದರಿಂದ, ಹಗ್ಗದ ಕೆಳಗೆ ಹೋಗಿ ನಿಂತ.